ಕಟಕಟೆ ಹತ್ತಿದ ಇ-ಮೇಲ್

ವಕೀಲರ ಕೆಲಸವನ್ನು ವಿಮರ್ಶೆಗೆ ಎತ್ತಿಕೊಳ್ಳುವುದು ಕಷ್ಟ. ತೀರ್ಪು ನ್ಯಾಯಾಧೀಶರ ಹೆಸರಿನಲ್ಲಿ ಉಳಿಯುತ್ತದೆ, ಗೆಲುವು ಕಕ್ಷಿದಾರರ ಪಾಲಿಗೆ ಹೋಗುತ್ತದೆ, ಕೋರ್ಟಿನಲ್ಲಿ ಆಡಿದ ಮಾತು ಕಡತಗಳಲ್ಲಿ ಹೂತುಹೋಗುತ್ತದೆ. ಅಮೆರಿಕದ ಡೇವಿಡ್ ಬಾಯ್ಸ್ ಅವರ ಮಟ್ಟಿಗೆ ಹಾಗಾಗಿಲ್ಲ. 1998ರ ಆಗಸ್ಟ್ ಕೊನೆ ಮತ್ತು ಸೆಪ್ಟೆಂಬರ್ ಮೊದಲಲ್ಲಿ, ಒಟ್ಟು ಮೂರು ದಿನ, ಮೈಕ್ರೋಸಾಫ್ಟ್‌ನ ಬಿಲ್ ಗೇಟ್ಸ್ ಅವರಿಂದ ಪ್ರಮಾಣ ಮಾಡಿಸಿ ಪ್ರಶ್ನೆ ಕೇಳಿದ ಸುಮಾರು 20 ಗಂಟೆಗಳ ವಿಡಿಯೊ ಉಳಿದಿದೆ. ಯೂಟ್ಯೂಬ್‌ನಲ್ಲಿ ಯಾರು ಬೇಕಾದರೂ ನೋಡಬಹುದು. ಅದರ ಕೆಲವು ಭಾಗ ರಾಜ್ಯ ಸರ್ಕಾರಗಳ ಪರ ವಕೀಲ ಸ್ಟೀಫನ್ ಹೌಕ್ ಅವರದು. ಆದರೆ ಜನರ ನೆನಪಿನಲ್ಲಿ ನಿಂತದ್ದು ಬಾಯ್ಸ್ ಅವರ ದನಿ. ದನಿ ಮಾತ್ರ, ಏಕೆಂದರೆ ಕ್ಯಾಮೆರಾ ಗೇಟ್ಸ್ ಅವರ ಮುಖ ಬಿಟ್ಟು ಕದಲುವುದೇ ಇಲ್ಲ.

ಈ ವಿಡಿಯೊವನ್ನು ಒಂದು ಕೃತಿಯೆಂದೇ ನೋಡಿ ಅದಕ್ಕೆ ಬೆಲೆ ಕಟ್ಟುವ ಪ್ರಯತ್ನ ಇದು. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಏಕಸ್ವಾಮ್ಯ ವಿರೋಧಿ ಮೊಕದ್ದಮೆಗಳ ಇತಿಹಾಸದಲ್ಲಿ ಇಷ್ಟು ಅಚ್ಚುಕಟ್ಟಾದ ಪ್ರಶ್ನಾವಳಿ ಇನ್ನೊಂದು ಸಿಗಲಾರದು. ಮತ್ತು ಅದು ಎಷ್ಟು ಚೆನ್ನಾಗಿತ್ತೆಂದರೆ, ಅಂಥ ಇನ್ನೊಂದು ಪ್ರಶ್ನಾವಳಿಗೆ ಬೇಕಾದ ಸಾಮಗ್ರಿಯೇ ಮುಂದೆ ಸಿಗದಂತೆ ಮಾಡಿಬಿಟ್ಟಿತು.

ಹಿನ್ನೆಲೆ ಚಿಕ್ಕದಾಗಿ. 1998ರ ಮೇ 18ರಂದು ಅಮೆರಿಕದ ನ್ಯಾಯ ಇಲಾಖೆ ಮತ್ತು 20 ರಾಜ್ಯಗಳು ಮೈಕ್ರೋಸಾಫ್ಟ್ ಮೇಲೆ ದಾವೆ ಹೂಡಿದವು. ವಿಂಡೋಸ್‌ನ ಹಿಡಿತವನ್ನು ಬಳಸಿ ನೆಟ್‌ಸ್ಕೇಪ್ ಬ್ರೌಸರನ್ನು ಮಾರುಕಟ್ಟೆಯಿಂದ ಹೊರದಬ್ಬಿದ್ದು, ಸನ್ ಕಂಪನಿಯ ಜಾವಾ ತಂತ್ರಾಂಶವನ್ನು ಕೆಡಿಸಿದ್ದು ಮುಖ್ಯ ಆರೋಪ. ಇಲಾಖೆಯ ಏಕಸ್ವಾಮ್ಯ ವಿರೋಧಿ ವಿಭಾಗದ ಮುಖ್ಯಸ್ಥ ಜೋಯೆಲ್ ಕ್ಲೈನ್ ಹೊರಗಿನಿಂದ ಕರೆತಂದ ವಕೀಲ ಬಾಯ್ಸ್. ಅಮೆರಿಕದಲ್ಲಿ ವಿಚಾರಣೆ ಶುರುವಾಗುವ ಮೊದಲು ಎದುರಾಳಿಯ ಕಡತಗಳನ್ನೆಲ್ಲ ಕೇಳಿ ಪಡೆಯಬಹುದು, ಎದುರಾಳಿಯ ಸಾಕ್ಷಿಯನ್ನು ಕೋರ್ಟಿನ ಹೊರಗೆ ಕೂರಿಸಿಕೊಂಡು ಪ್ರಶ್ನಿಸಿ ದಾಖಲಿಸಬಹುದು. ಮೊದಲನೆಯದು ಡಿಸ್ಕವರಿ, ಎರಡನೆಯದು ಡಿಪೊಸಿಷನ್. ಕಡತದ ಜಾಗಕ್ಕೆ ಇ-ಮೇಲ್ ಬಂದಾಗ ಮೊದಲನೆಯದರ ಹೆಸರು ಇ-ಡಿಸ್ಕವರಿ ಆಯಿತು.

ಈಗ ವಿಡಿಯೊಗೆ ಬರೋಣ. ಗೇಟ್ಸ್ ಕುರ್ಚಿಯಲ್ಲಿ ಹಿಂದೆ ಮುಂದೆ ತೂಗುತ್ತಾರೆ, ಉತ್ತರಕ್ಕೆ ಮೊದಲು ಬಹಳ ಹೊತ್ತು ಸುಮ್ಮನಿರುತ್ತಾರೆ, ಪ್ರಶ್ನೆಯ ಒಂದೊಂದು ಪದಕ್ಕೂ ತಕರಾರು ತೆಗೆಯುತ್ತಾರೆ. ಬಾಯ್ಸ್ ಅವರಿಗೆ ಆತುರವಿಲ್ಲ. 1996ರ ಜನವರಿಯಲ್ಲಿ ಗೇಟ್ಸ್ ಬರೆದ ಮೇಲ್ ಒಂದನ್ನು ಮುಂದಿಡುತ್ತಾರೆ. ಇಂಟರ್ನೆಟ್ ಬ್ರೌಸರ್‌ನಲ್ಲಿ ಪಾಲು ಗಿಟ್ಟಿಸುವುದು ನಮಗೆ ಬಹಳ ಬಹಳ ಮುಖ್ಯವಾದ ಗುರಿ ಎಂದು ಅದರಲ್ಲಿದೆ. ಪಾಲು ಅಂದರೆ ಯಾರ ಜೊತೆಗಿನ ಪಾಲು, ಯಾವ ಕಂಪನಿ ನಿಮ್ಮ ಮನಸ್ಸಿನಲ್ಲಿತ್ತು ಎಂಬುದು ಪ್ರಶ್ನೆ. ಆ ವಾಕ್ಯದಲ್ಲಿ ಯಾವ ಕಂಪನಿಯ ಹೆಸರೂ ಇಲ್ಲವಲ್ಲ ಎಂಬುದು ಉತ್ತರ. ಹಾಗಾದರೆ ಯಾವ ಬ್ರೌಸರ್‌ಗಳ ಬಗ್ಗೆ ನಿಮಗೆ ಚಿಂತೆಯಿತ್ತು ಎಂದರೆ, ಚಿಂತೆ ಎಂದರೆ ನಿಮ್ಮ ಅರ್ಥದಲ್ಲಿ ಏನೆಂದು ಗೊತ್ತಾಗುತ್ತಿಲ್ಲ ಎಂಬ ಉತ್ತರ. ಬಾಯ್ಸ್ ರೇಗುವುದಿಲ್ಲ. ಅದೇ ಪ್ರಶ್ನೆಯನ್ನು ಅದೇ ದನಿಯಲ್ಲಿ ಮತ್ತೆ ಕೇಳುತ್ತಾರೆ.

ಇನ್ನೊಂದು ಮೇಲ್‌ನ ನೆತ್ತಿಯಲ್ಲಿ ಅದು ಹೆಚ್ಚು ಮುಖ್ಯವೆಂಬ ಗುರುತಿದೆ. ಅದನ್ನು ಟೈಪ್ ಮಾಡಿದ್ದು ಯಾರು ಎಂದು ಬಾಯ್ಸ್ ಕೇಳಿದರು. ಕಂಪ್ಯೂಟರ್ ಎಂದರು ಗೇಟ್ಸ್. ಕಂಪ್ಯೂಟರ್ ಯಾಕೆ ಹಾಗೆ ಟೈಪ್ ಮಾಡಿತು ಎಂಬಲ್ಲಿಂದ ಹೊರಟು, ಕಳಿಸಿದವರು ಗುರುತು ಹಾಕುತ್ತಾರೆ ಎಂಬಲ್ಲಿಗೆ, ಕಳಿಸಿದವರು ಯಾರು ಎಂಬಲ್ಲಿಗೆ, ಕೊನೆಗೆ ನಾನೇ ಹಾಕಿರಬೇಕು ಎಂಬ ಒಪ್ಪಿಗೆಗೆ ನಾಲ್ಕೈದು ಪ್ರಶ್ನೆಗಳಲ್ಲಿ ಮಾತು ಬಂದು ನಿಲ್ಲುತ್ತದೆ. ಆ ಗುರುತಿನಿಂದ ಮೊಕದ್ದಮೆಗೆ ಏನೂ ಸಿಗಲಿಲ್ಲ. ಸಿಕ್ಕಿದ್ದು ಬೇರೆ: ತಾನು ಬರೆದದ್ದನ್ನು ತನ್ನದೆಂದು ಒಪ್ಪಲು ಇಷ್ಟು ಹಿಂಜರಿಯುವವನು ಉಳಿದದ್ದರಲ್ಲಿ ಎಷ್ಟು ನಿಜ ಹೇಳಿಯಾನು ಎಂಬ ಅನುಮಾನ. ಬಾಯ್ಸ್ ಅವರ ಕಸುಬಿನ ಸಾರ ಇಲ್ಲಿದೆ. ಮೇಲ್‌ನಲ್ಲಿ ಏನಿದೆ ಎಂಬುದಕ್ಕಿಂತ, ಬರೆದವನ ಮುಂದೆ ಅದನ್ನು ಇಟ್ಟಾಗ ಅವನು ಏನು ಮಾಡುತ್ತಾನೆ ಎಂಬುದನ್ನೇ ಅವರು ಸಾಕ್ಷ್ಯವಾಗಿಸಿದರು.

ವಿಚಾರಣೆ 1998ರ ಅಕ್ಟೋಬರ್ 19ರಂದು ವಾಷಿಂಗ್ಟನ್‌ನಲ್ಲಿ ಶುರುವಾಯಿತು. ಎರಡೂ ಕಡೆಗೆ ತಲಾ 12 ಸಾಕ್ಷಿಗಳೆಂಬ ಮಿತಿ. ಮೈಕ್ರೋಸಾಫ್ಟ್ ತನ್ನ ಪಟ್ಟಿಯಲ್ಲಿ ಗೇಟ್ಸ್ ಅವರನ್ನು ಸೇರಿಸಲಿಲ್ಲ. ಬಾಯ್ಸ್ ತಂಡ ವಿಡಿಯೊವನ್ನು ತುಣುಕು ಮಾಡಿ, ಸಾಕ್ಷಿ ಬದಲಾದಂತೆ ಅದಕ್ಕೆ ತಕ್ಕ ತುಣುಕನ್ನು ತೋರಿಸುತ್ತ ಹೋಯಿತು. ಹೀಗೆ ಬಾರದ ಸಾಕ್ಷಿಯೇ ಇಡೀ ವಿಚಾರಣೆಯ ಉದ್ದಕ್ಕೂ ಕಟಕಟೆಯಲ್ಲಿದ್ದಂತಾಯಿತು. ನ್ಯಾಯಾಧೀಶ ಥಾಮಸ್ ಪೆನ್‌ಫೀಲ್ಡ್ ಜಾಕ್ಸನ್ ಅವರೂ ನಕ್ಕು ತಲೆಯಾಡಿಸಿದ್ದನ್ನು ವರದಿಗಾರರು ಬರೆದರು. ಮುಂದೆ ಫೆಬ್ರುವರಿಯಲ್ಲಿ ಮೈಕ್ರೋಸಾಫ್ಟ್‌ನ ಜಿಮ್ ಆಲ್‌ಚಿನ್ ತಂದ ಪ್ರಾತ್ಯಕ್ಷಿಕೆಯ ವಿಡಿಯೊದಲ್ಲಿ ಪರದೆಯ ತಲೆಬರಹ ನಡುವೆ ಬದಲಾಗಿರುವುದನ್ನು ತೋರಿಸಿ, ಅದು ಹೇಳಿದಂತೆ ನಡೆದ ಪ್ರಯೋಗವಲ್ಲವೆಂದು ಬಾಯ್ಸ್ ಸಾಬೀತು ಮಾಡಿದ್ದೂ ಇದೇ ಜಾತಿಯ ಕೆಲಸ. ಚಿಕ್ಕ ವಿವರ, ದೊಡ್ಡ ಮುಖಭಂಗ.

ಈ ಕೌಶಲ ಎಲ್ಲಿಂದ ಬಂತು? ಬಾಯ್ಸ್ ಹುಟ್ಟಿದ್ದು 1941ರಲ್ಲಿ, ಇಲಿನಾಯ್‌ನಲ್ಲಿ. ಅವರಿಗೆ ಡಿಸ್ಲೆಕ್ಸಿಯಾ, ಮೂರನೇ ತರಗತಿಯವರೆಗೆ ಓದಲು ಬರುತ್ತಿರಲಿಲ್ಲವೆಂದು ಅವರೇ ಹೇಳಿಕೊಂಡಿದ್ದಾರೆ. ಇದನ್ನು ಛಲದ ಕಥೆಯಾಗಿ ಹೇಳುವುದು ವಾಡಿಕೆ. ನನಗೆ ಅದರಲ್ಲಿ ಕಾಣುವುದು ಒಂದು ಓದಿನ ಕ್ರಮ. ಬೇಗ ಓದಲಾಗದವನು ಎಲ್ಲವನ್ನೂ ಓದುವ ಆಸೆ ಬಿಡಬೇಕು, ಬೇಕಾದ್ದನ್ನು ಆರಿಸಬೇಕು, ಆರಿಸಿದ್ದನ್ನು ಬಾಯಿಪಾಠದಂತೆ ತಲೆಯಲ್ಲಿ ಇಟ್ಟುಕೊಳ್ಳಬೇಕು. ಟಿಪ್ಪಣಿಯ ಹಂಗಿಲ್ಲದೆ ದಸ್ತಾವೇಜನ್ನು ನೆನಪಿನಿಂದಲೇ ಎತ್ತಿ ಪಾಟೀಸವಾಲು ಮಾಡುವುದು ಅವರ ಖ್ಯಾತಿ.

ಆರಿಸುವ ಬೆಲೆ ಏನೆಂದು ಕಲಿಸಿದ ಶಾಲೆ ಐಬಿಎಂ ಮೊಕದ್ದಮೆಗಳು. 1969ರ ಜನವರಿಯಲ್ಲಿ ಸರ್ಕಾರ ಹೂಡಿದ ದಾವೆ 1982ರ ಜನವರಿಯವರೆಗೆ, 13 ವರ್ಷ ಎಳೆದಾಡಿತು. ವಿಚಾರಣೆ ಶುರುವಾದದ್ದೇ 1975ರಲ್ಲಿ. ಕೊನೆಗೆ ಹುರುಳಿಲ್ಲವೆಂದು ಸರ್ಕಾರವೇ ಕೈಬಿಟ್ಟಿತು. ಐಬಿಎಂ ಪರ ನಿಂತದ್ದು ನ್ಯೂಯಾರ್ಕ್‌ನ ಕ್ರವಾತ್ ಸಂಸ್ಥೆ, ಆಗ ಅಲ್ಲಿದ್ದ ಕಿರಿಯ ವಕೀಲರಲ್ಲಿ ಬಾಯ್ಸ್ ಒಬ್ಬರು. ಕೋಟಿಗಟ್ಟಲೆ ಪುಟಗಳ ಅಡಿಯಲ್ಲಿ ಒಂದು ಮೊಕದ್ದಮೆ ಹೇಗೆ ಉಸಿರುಗಟ್ಟಿ ಸಾಯುತ್ತದೆಂಬುದನ್ನು ಪ್ರತಿವಾದಿಯ ಕಡೆಯಿಂದ ನೋಡಿದವರು, 16 ವರ್ಷಗಳ ನಂತರ ಸರ್ಕಾರದ ಕಡೆಗೆ ಬಂದಾಗ ಆ ಪಾಠವನ್ನು ಮರೆತಿರಲಿಲ್ಲ. ಮೈಕ್ರೋಸಾಫ್ಟ್ ವಿಚಾರಣೆ ತಿಂಗಳುಗಳಲ್ಲಿ ಮುಗಿಯಿತು.

ಅದೇ ಐಬಿಎಂ ಕಾಲದ ಒಂದು ಉಪಕಥೆಯನ್ನು ಇಲ್ಲಿ ಹೇಳಲೇಬೇಕು, ಇ-ಡಿಸ್ಕವರಿಯ ಇತಿಹಾಸ ಬರೆಯುವವರು ಅದನ್ನು ಹೆಚ್ಚಾಗಿ ಬಿಟ್ಟುಬಿಡುತ್ತಾರೆ. 1968ರ ಕೊನೆಯಲ್ಲಿ ಕಂಟ್ರೋಲ್ ಡೇಟಾ ಎಂಬ ಕಂಪನಿಯೂ ಐಬಿಎಂ ಮೇಲೆ ದಾವೆ ಹೂಡಿತ್ತು. ಸ್ವತಃ ಕಂಪ್ಯೂಟರ್ ತಯಾರಿಸುತ್ತಿದ್ದ ಕಂಪನಿಯಾದ್ದರಿಂದ ಐಬಿಎಂ ಕೊಟ್ಟ ಕಡತಗಳಿಗೆ ಕಂಪ್ಯೂಟರಿನಲ್ಲೇ ಹುಡುಕಬಲ್ಲ ಸೂಚಿ ಕಟ್ಟಿಕೊಂಡಿತು. ಸರ್ಕಾರಿ ವಕೀಲರಿಗೂ ಅದೇ ಆಸರೆ. 1973ರ ಜನವರಿಯಲ್ಲಿ ಎರಡೂ ಕಂಪನಿಗಳು ರಾಜಿಯಾದವು. ರಾಜಿಯ ಭಾಗವಾಗಿ ಆ ಸೂಚಿಯನ್ನು ನಾಶ ಮಾಡಲಾಯಿತು. ಕಾಗದ ಹಾಗೇ ಇತ್ತು, ಆದರೆ ಕಾಗದದೊಳಗೆ ದಾರಿ ತೋರಿಸುವ ನಕ್ಷೆ ಹೋಯಿತು. ಹುಡುಕುವ ಸಾಧನ ಯಾರ ಕೈಯಲ್ಲಿದೆ ಎಂಬುದು ದಸ್ತಾವೇಜಿನಷ್ಟೇ ದೊಡ್ಡ ವಿಷಯವೆಂದು ಅಂದೇ ತಿಳಿದಿತ್ತು.

ಹುಡುಕಾಟದ ಬಗ್ಗೆ ವಕೀಲರಿಗಿರುವ ಆತ್ಮವಿಶ್ವಾಸವನ್ನೂ ಸ್ವಲ್ಪ ತಟ್ಟಿ ನೋಡಬೇಕು. ಸ್ಯಾನ್ ಫ್ರಾನ್ಸಿಸ್ಕೋ ಸುತ್ತಲಿನ ರೈಲು ವ್ಯವಸ್ಥೆಯ ಅಪಘಾತ ಸಂಬಂಧಿ ಮೊಕದ್ದಮೆಯೊಂದರ ಸುಮಾರು 40,000 ದಸ್ತಾವೇಜುಗಳನ್ನು ಹಿಡಿದು ಬ್ಲೇರ್ ಮತ್ತು ಮ್ಯಾರನ್ ಎಂಬ ವಿದ್ವಾಂಸರು 1985ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಪದಗಳನ್ನು ಕೊಟ್ಟು ಹುಡುಕಿಸಿದ ವಕೀಲರು ತಮಗೆ ಬೇಕಾದುದರಲ್ಲಿ ಮುಕ್ಕಾಲು ಪಾಲು ಸಿಕ್ಕಿದೆ ಎಂದುಕೊಂಡಿದ್ದರು. ಸಿಕ್ಕಿದ್ದು ಐದರಲ್ಲಿ ಒಂದು ಪಾಲು. ವಕೀಲರು ಅಪಘಾತ ಎಂದು ಹುಡುಕಿದರೆ, ಬರೆದವರು ಅದನ್ನು ಘಟನೆ, ಸನ್ನಿವೇಶ, ಸಮಸ್ಯೆ ಎಂದೆಲ್ಲ ಕರೆದಿದ್ದರು. ತಪ್ಪಿನ ಹತ್ತಿರ ಇರುವವರು ಅದಕ್ಕೆ ಮೆತ್ತಗಿನ ಹೆಸರು ಇಡುತ್ತಾರೆ, ಅದು ಮನುಷ್ಯ ಸ್ವಭಾವ.

ಆದರೂ ಮೈಕ್ರೋಸಾಫ್ಟ್ ನಂತರ ಅಮೆರಿಕದ ವಕೀಲಿಕೆ ಆರಿಸುವ ದಾರಿ ಹಿಡಿಯಲಿಲ್ಲ, ಗುಡ್ಡೆ ಹಾಕುವ ದಾರಿ ಹಿಡಿಯಿತು. ಯುಬಿಎಸ್ ಬ್ಯಾಂಕಿನ ವಿರುದ್ಧದ ಜುಬುಲೇಕ್ ಪ್ರಕರಣದಲ್ಲಿ ನ್ಯಾಯಾಧೀಶೆ ಶಿರಾ ಶೈಂಡ್ಲಿನ್ 2003-04ರಲ್ಲಿ ಕೊಟ್ಟ ಸರಣಿ ಆದೇಶಗಳು, ಮೊಕದ್ದಮೆಯ ಸುಳಿವು ಸಿಕ್ಕೊಡನೆ ಮೇಲ್ ಅಳಿಸುವುದನ್ನು ನಿಲ್ಲಿಸಬೇಕು, ನಿಲ್ಲಿಸಿದ್ದಾರೆಯೇ ಎಂದು ವಕೀಲರೇ ನೋಡಿಕೊಳ್ಳಬೇಕು ಎಂದವು. 2006ರಲ್ಲಿ ಫೆಡರಲ್ ನಿಯಮಾವಳಿಯಲ್ಲೇ ಎಲೆಕ್ಟ್ರಾನಿಕ್ ಮಾಹಿತಿಗೆ ಜಾಗ ಸಿಕ್ಕಿತು. ಇದರಿಂದ ಒಂದು ಉದ್ಯಮವೇ ಹುಟ್ಟಿತು, ಅದರ ಒಂದು ಕೈ ನಮ್ಮೂರಿನವರೆಗೂ ಚಾಚಿದೆ. 2008ರಲ್ಲಿ ಅಮೆರಿಕದ ವಕೀಲರ ಸಂಘ ಕಾನೂನು ಕೆಲಸವನ್ನು ಹೊರಗುತ್ತಿಗೆ ಕೊಡಬಹುದೆಂದು ಷರತ್ತಿನ ಮೇಲೆ ಒಪ್ಪಿತು. ಬೆಂಗಳೂರು, ಮುಂಬೈ, ಗುರುಗ್ರಾಮಗಳಲ್ಲಿ ಎಲ್‌ಎಲ್‌ಬಿ ಮುಗಿಸಿದ ಹುಡುಗ ಹುಡುಗಿಯರು, ಎಂದೂ ನೋಡದ ಕಂಪನಿಯ ಎಂದೂ ಕಾಣದ ನೌಕರರ ಮೇಲ್‌ಗಳನ್ನು ಒಂದೊಂದಾಗಿ ತೆರೆದು, ಸಂಬಂಧಪಟ್ಟದ್ದು, ಪಡದ್ದು, ವಕೀಲರೊಡನೆ ಆಡಿದ ಗೋಪ್ಯ ಮಾತು ಎಂದು ಗುರುತು ಹಾಕುವ ಕೆಲಸಕ್ಕೆ ಸೇರಿದರು. ಅಸಡ್ಡೆಯಿಂದ ನೋಡುವ ಕೆಲಸ ಇದಲ್ಲ, ಒಂದು ತಪ್ಪು ಗುರುತಿನಿಂದ ಗೋಪ್ಯ ಕಾಗದ ಎದುರಾಳಿಯ ಕೈ ಸೇರಬಹುದು. ಆದರೆ ಅವರಿಗೆ ಕಥೆ ಗೊತ್ತಿರುವುದಿಲ್ಲ. ಬಾಯ್ಸ್ ಅವರ ಶಕ್ತಿಯೆಲ್ಲ ಇದ್ದದ್ದು ಕಥೆ ಗೊತ್ತಿರುವುದರಲ್ಲಿ. ಓದುವವನನ್ನು ಪ್ರಶ್ನಿಸುವವನಿಂದ ಇಷ್ಟು ದೂರ ಕೂರಿಸಿದ್ದು ಈ ಪದ್ಧತಿಯ ಮೂಲದೋಷವೆಂದು ನನ್ನ ಎಣಿಕೆ. 2012ರಲ್ಲಿ ನ್ಯೂಯಾರ್ಕ್‌ನ ಆ್ಯಂಡ್ರ್ಯೂ ಪೆಕ್ ಎಂಬ ನ್ಯಾಯಾಧೀಶರು ಈ ಆರಿಸುವ ಕೆಲಸಕ್ಕೆ ತರಬೇತಾದ ಸಾಫ್ಟ್‌ವೇರ್ ಬಳಸಲು ಒಪ್ಪಿದ ಮೇಲೆ ದೂರ ಇನ್ನೂ ಹೆಚ್ಚಾಯಿತು.

ಇನ್ನು ಬಾಯ್ಸ್ ಗೆಲುವಿನ ಲೆಕ್ಕ. 2000ದ ಜೂನ್‌ನಲ್ಲಿ ಜಾಕ್ಸನ್ ಮೈಕ್ರೋಸಾಫ್ಟನ್ನು ಎರಡು ಹೋಳು ಮಾಡಲು ಆದೇಶಿಸಿದರು. ಒಂದು ವರ್ಷದ ನಂತರ, 2001ರ ಜೂನ್ 28ರಂದು, ಮೇಲ್ಮನವಿ ನ್ಯಾಯಾಲಯದ ಏಳು ನ್ಯಾಯಾಧೀಶರು ಒಮ್ಮತದಿಂದ ಆ ಆದೇಶವನ್ನು ತಳ್ಳಿಹಾಕಿದರು. ಪತ್ರಕರ್ತರೊಡನೆ ಗುಟ್ಟಾಗಿ ಮಾತಾಡಿದ ತಪ್ಪಿಗೆ ಜಾಕ್ಸನ್ ಅವರನ್ನು ಪ್ರಕರಣದಿಂದಲೇ ಹೊರಗಿಟ್ಟರು. ಆದರೆ ಏಕಸ್ವಾಮ್ಯವನ್ನು ಅಕ್ರಮವಾಗಿ ಉಳಿಸಿಕೊಂಡ ಹೊಣೆ ಮೈಕ್ರೋಸಾಫ್ಟ್ ಮೇಲೆ ಹಾಗೇ ಉಳಿಯಿತು. ಬಾಯ್ಸ್ ಅಭಿಮಾನಿಗಳು ಅಷ್ಟು ಓದಿ ತೀರ್ಪನ್ನು ಮುಚ್ಚಿಡುತ್ತಾರೆ. ಮುಂದೆ ಓದಿದರೆ ಇನ್ನೊಂದು ಮಾತಿದೆ: ನಾವು ನೋಡುವುದು ನಡವಳಿಕೆಯ ಪರಿಣಾಮವನ್ನು, ಹಿಂದಿನ ಉದ್ದೇಶವನ್ನಲ್ಲ; ಉದ್ದೇಶದ ಸಾಕ್ಷ್ಯ ಪರಿಣಾಮವನ್ನು ಊಹಿಸಲು ನೆರವಾಗುವಷ್ಟಕ್ಕೆ ಮಾತ್ರ ಬೇಕು.

ಈ ಅಳತೆಗೋಲಿನಲ್ಲಿ ಆ 20 ಗಂಟೆಗಳನ್ನು ಮತ್ತೆ ನೋಡಿ. ತೀರ್ಪಿಗೆ ಆಧಾರವಾಗಿ ಉಳಿದದ್ದರಲ್ಲಿ ಹೆಚ್ಚಿನದು ಕಂಪ್ಯೂಟರ್ ತಯಾರಕರ ಮೇಲೆ ಹೇರಿದ ಪರವಾನಗಿ ಷರತ್ತುಗಳು, ಇಂಟರ್ನೆಟ್ ಸೇವಾ ಕಂಪನಿಗಳೊಡನೆ ಮಾಡಿಕೊಂಡ ಒಪ್ಪಂದಗಳು. ಅವು ಒಣ ಕಾಗದಗಳು. ಯಾರೂ ನಗದ, ಯಾರೂ ಹಂಚಿಕೊಳ್ಳದ ಪುಟಗಳು. ಜಾವಾ ವಿಷಯದಲ್ಲಿ ಮಾತ್ರ, ಕಲಬೆರಕೆ ಜಾವಾವನ್ನು ಬೆಳೆಸಿ ಅಸಲನ್ನು ಕೊಲ್ಲಬೇಕೆಂಬ ಅರ್ಥದ ಒಳದಸ್ತಾವೇಜನ್ನು ಮೇಲ್ಮನವಿ ನ್ಯಾಯಾಲಯವೂ ಎತ್ತಿ ಆಡಿತು. ಉಳಿದಂತೆ ಗೇಟ್ಸ್ ಅವರ ತಡಬಡಿಕೆಯಿಂದ ಆದದ್ದು ಕಂಪನಿಯ ವಿಶ್ವಾಸಾರ್ಹತೆಯ ನಾಶ. ಒಬ್ಬರೇ ನ್ಯಾಯಾಧೀಶರು ತೀರ್ಪು ಕೊಡುವ ಕೋರ್ಟಿನಲ್ಲಿ ಅದು ಸಣ್ಣ ಸಾಧನೆಯೇನಲ್ಲ, ಆದರೆ ಏಕಸ್ವಾಮ್ಯದ ಪುರಾವೆಯಾಗಿ ಅದರ ತೂಕ ನಾವು ಅಂದುಕೊಂಡದ್ದಕ್ಕಿಂತ ಕಡಿಮೆ.

ನಮ್ಮ ದೇಶದಲ್ಲೂ ವಾದ ಇದೇ ಜಾಗಕ್ಕೆ ಬಂದು ನಿಂತಿದೆ. ಆ್ಯಂಡ್ರಾಯ್ಡ್ ಫೋನುಗಳ ವಿಷಯದಲ್ಲಿ ಭಾರತೀಯ ಸ್ಪರ್ಧಾ ಆಯೋಗ 2022ರ ಅಕ್ಟೋಬರ್‌ನಲ್ಲಿ ಗೂಗಲ್‌ಗೆ 1,337.76 ಕೋಟಿ ರೂಪಾಯಿ ದಂಡ ಹಾಕಿತು. 2023ರ ಮಾರ್ಚ್‌ನಲ್ಲಿ ಮೇಲ್ಮನವಿ ನ್ಯಾಯಮಂಡಳಿ ದಂಡವನ್ನು ಎತ್ತಿಹಿಡಿಯುತ್ತಲೇ, ಪರಿಣಾಮದ ವಿಶ್ಲೇಷಣೆ ಆಗಲೇಬೇಕು ಎಂದಿತು. ಆದರೆ ಇಲ್ಲಿ ದೂರು ಕೊಟ್ಟವರಿಗೆ ಎದುರಾಳಿಯ ಮೇಲ್ ಪೆಟ್ಟಿಗೆ ತೆರೆಸುವ ಅಮೆರಿಕದಂಥ ಹಕ್ಕಿಲ್ಲ, ಅಗೆಯುವುದು ಆಯೋಗದ ಮಹಾನಿರ್ದೇಶಕರ ಕೆಲಸ. ಆ ಅಗೆತ ಶುರುವಾಗುವುದಕ್ಕೇ ತಡೆ ಬರುತ್ತದೆ. ಅಮೆಜಾನ್, ಫ್ಲಿಪ್‌ಕಾರ್ಟ್ ವಿರುದ್ಧ 2020ರ ಜನವರಿಯಲ್ಲಿ ಆದೇಶವಾದ ತನಿಖೆ ಕರ್ನಾಟಕ ಹೈಕೋರ್ಟಿನ ಮೆಟ್ಟಿಲೇರಿ, ಏಕಸದಸ್ಯ ಪೀಠ ಜೂನ್ 2021ರಲ್ಲೂ ವಿಭಾಗೀಯ ಪೀಠ ಜುಲೈನಲ್ಲೂ ಕಂಪನಿಗಳ ಅರ್ಜಿ ವಜಾ ಮಾಡುವವರೆಗೆ ಕಾಯಬೇಕಾಯಿತು. ಹೊಣೆ ಸಾಬೀತು ಮಾಡುವ ಮಾತು ಹಾಗಿರಲಿ, ಪ್ರಶ್ನೆ ಕೇಳಬಹುದೇ ಎಂಬುದಕ್ಕೇ ಒಂದೂವರೆ ವರ್ಷ.

ಗೇಟ್ಸ್ ಅವರ ಆ ವಿಡಿಯೊವನ್ನು ಎಲ್ಲರಿಗಿಂತ ಗಮನವಿಟ್ಟು ನೋಡಿದವರು ಮುಂದಿನ ತಲೆಮಾರಿನ ಕಂಪನಿಗಳ ವಕೀಲರು. ಗೂಗಲ್ 2008ರಲ್ಲೇ ತನ್ನ ಒಳಗಿನ ಚಾಟ್‌ಗಳು ತಾವಾಗಿ ಅಳಿಯುವಂತೆ ಮಾಡಿತು. ಇತಿಹಾಸ ಉಳಿಸುವ ಗುಂಡಿ ಒತ್ತದಿದ್ದರೆ 24 ಗಂಟೆಗಳಲ್ಲಿ ಮಾತು ಮಾಯವಾಗುತ್ತಿತ್ತು. ಮೊಕದ್ದಮೆ ಬಂದ ಮೇಲೂ ಗುಂಡಿ ಒತ್ತುವುದನ್ನು ನೌಕರರ ವಿವೇಚನೆಗೆ ಬಿಟ್ಟಿತು. ಎಚ್ಚರದಿಂದ ಬರೆಯಿರಿ ಎಂಬ ತರಬೇತಿ, ಮೇಲ್‌ಗೊಬ್ಬ ವಕೀಲರನ್ನು ಸೇರಿಸಿ ಗೋಪ್ಯತೆಯ ಮುದ್ರೆ ಒತ್ತುವ ಅಭ್ಯಾಸ. 2023ರಲ್ಲಿ, ಎಪಿಕ್ ಗೇಮ್ಸ್ ಕಂಪನಿ ಗೂಗಲ್ ಮೇಲೆ ಹೂಡಿದ್ದ ಪ್ರಕರಣದಲ್ಲಿ, ನ್ಯಾಯಾಧೀಶ ಜೇಮ್ಸ್ ಡೊನಾಟೊ ಇದನ್ನು ಕಟುವಾಗಿ ಟೀಕಿಸಿ, ಅಳಿದ ಚಾಟ್‌ಗಳು ಗೂಗಲ್‌ಗೆ ಪ್ರತಿಕೂಲವಾಗಿದ್ದವೆಂದು ಜ್ಯೂರಿ ಭಾವಿಸಬಹುದು ಎಂದರು. ಆದರೆ 2015ರಲ್ಲಿ ತಿದ್ದಿದ ನಿಯಮದ ಪ್ರಕಾರ, ಸಾಕ್ಷ್ಯ ಸಿಗದಂತೆ ಮಾಡುವ ಉದ್ದೇಶ ಇತ್ತೆಂದು ತೋರಿಸದೆ ಇಂಥ ಕಠಿಣ ಕ್ರಮ ಸಾಧ್ಯವಿಲ್ಲ. ಉದ್ದೇಶದ ಪುರಾವೆ ನಾಶವಾದುದಕ್ಕೆ ಶಿಕ್ಷೆ ಬೇಕಾದರೆ ನಾಶದ ಉದ್ದೇಶಕ್ಕೆ ಪುರಾವೆ ತನ್ನಿ! ಈ ನಿಯಮ ಬರೆದವರ ಹಾಸ್ಯಪ್ರಜ್ಞೆಯನ್ನು ಮೆಚ್ಚಬೇಕು.

2024ರ ಆಗಸ್ಟ್ 5ರಂದು ಗೂಗಲ್ ಹುಡುಕಾಟದ ಏಕಸ್ವಾಮ್ಯದ ಬಗ್ಗೆ ತೀರ್ಪು ಕೊಟ್ಟ ನ್ಯಾಯಾಧೀಶ ಅಮಿತ್ ಮೆಹ್ತಾ, ಗುಜರಾತಿನ ಪಾಟಣದಲ್ಲಿ ಹುಟ್ಟಿದವರು, ಈ ಕಥೆಯ ಎರಡೂ ತುದಿಗಳನ್ನು ಜೋಡಿಸಿದರು. ಕಾಗದದ ಜಾಡು ಉಳಿಯದಂತೆ ಗೂಗಲ್ ಎಷ್ಟು ದೂರ ಹೋಗಿದೆ ಎಂದು ನೋಡಿ ತಾವು ದಂಗಾದುದಾಗಿ ಹೇಳಿದರು. ಮೈಕ್ರೋಸಾಫ್ಟ್ ಪ್ರಕರಣದಲ್ಲಿ ಸಿಕ್ಕಂಥ ಬೆತ್ತಲೆ ಮಾತುಗಳು ಇಲ್ಲಿ ಸಿಗದಿದ್ದರೆ ಆಶ್ಚರ್ಯವಿಲ್ಲ, ಗೂಗಲ್ ಆ ಪಾಠವನ್ನು ಮನಸ್ಸಿಟ್ಟು ಕಲಿತಿದೆ ಎಂದರು. ಶಿಕ್ಷೆ ಮಾತ್ರ ವಿಧಿಸಲಿಲ್ಲ. ಹೊಣೆ ಉದ್ದೇಶವೊಂದರ ಮೇಲೇ ನಿಲ್ಲುವುದಿಲ್ಲವಾದ್ದರಿಂದ ಅದು ಅಗತ್ಯವಿಲ್ಲ ಎಂಬ ಧಾಟಿ. ಮುಂದಿನ ಸಲ ಇಷ್ಟು ಅದೃಷ್ಟ ಇರಲಿಕ್ಕಿಲ್ಲ ಎಂಬ ಎಚ್ಚರಿಕೆಯನ್ನಷ್ಟೇ ಕೊಟ್ಟರು. 2025ರ ಏಪ್ರಿಲ್‌ನಲ್ಲಿ ಗೂಗಲ್ ಜಾಹೀರಾತು ಪ್ರಕರಣದ ತೀರ್ಪಿತ್ತ ಲಿಯೋನಿ ಬ್ರಿಂಕೆಮಾ ಅವರೂ ಬೈದು ಬಿಟ್ಟರು.

ಬಾಯ್ಸ್ ಅವರ ಮುಂದಿನ ವೃತ್ತಿಜೀವನ ಸಾಮಾನ್ಯದ್ದಲ್ಲ. ಸೋಥೆಬಿಸ್, ಕ್ರಿಸ್ಟೀಸ್ ಹರಾಜು ಕಂಪನಿಗಳ ಬೆಲೆಸಂಚಿನ ಪ್ರಕರಣದಲ್ಲಿ 51.2 ಕೋಟಿ ಡಾಲರ್ ರಾಜಿ, ವೀಸಾ ಮತ್ತು ಮಾಸ್ಟರ್‌ಕಾರ್ಡ್ ವಿರುದ್ಧ ಅಮೆರಿಕನ್ ಎಕ್ಸ್‌ಪ್ರೆಸ್ ಪರ ದೊಡ್ಡ ಗೆಲುವು. ಕಲೆಯೂ ಇದೆ. 2017ರಲ್ಲಿ, ಹಾಲಿವುಡ್ ನಿರ್ಮಾಪಕ ಹಾರ್ವಿ ವೈನ್‌ಸ್ಟೀನ್ ಪರವಾಗಿ ಬ್ಲ್ಯಾಕ್ ಕ್ಯೂಬ್ ಎಂಬ ಪತ್ತೇದಾರಿ ಸಂಸ್ಥೆಯೊಡನೆ ಅವರು ಸಹಿ ಹಾಕಿದ ಒಪ್ಪಂದ ಬಯಲಾಯಿತು. ನ್ಯೂಯಾರ್ಕ್ ಟೈಮ್ಸ್ ವೈನ್‌ಸ್ಟೀನ್ ಮೇಲಿನ ಲೈಂಗಿಕ ಕಿರುಕುಳದ ಆರೋಪಗಳ ಬಗ್ಗೆ ಸಿದ್ಧಪಡಿಸುತ್ತಿದ್ದ ವರದಿಯನ್ನು ತಡೆಯುವುದೂ ಅದರ ಗುರಿ. ಆಗ ಅದೇ ಪತ್ರಿಕೆ ಬಾಯ್ಸ್ ಸಂಸ್ಥೆಯ ಕಕ್ಷಿದಾರ. ತಪ್ಪಾಯಿತೆಂದು ಅವರು ಒಪ್ಪಿದರು, ಪತ್ರಿಕೆ ಅವರ ಸಂಸ್ಥೆಯನ್ನು ಕೈಬಿಟ್ಟಿತು. ಮುಚ್ಚಿಟ್ಟದ್ದನ್ನು ತೆರೆಸಿ ಹೆಸರು ಮಾಡಿದ ಕಸುಬುದಾರ ಮುಚ್ಚುವ ಕೆಲಸಕ್ಕೂ ಸಹಿ ಹಾಕಬಲ್ಲರು. ತೆರೆಸುವುದು ಅವರಿಗೆ ಕಸುಬಾಗಿತ್ತು, ನಂಬಿಕೆಯಾಗಿರಲಿಲ್ಲ ಎಂದು ಇದರಿಂದ ತೀರ್ಮಾನಿಸಿದರೆ ಕಠಿಣವಾದೀತು, ಅನ್ಯಾಯವಂತೂ ಆಗದು.

ಇಷ್ಟಾಗಿ, ಮೇಲ್ ಇಲ್ಲದ ಕಾಲದಲ್ಲಿ ಸತ್ಯ ಹೊರಬೀಳುವುದೇ ಇಲ್ಲವೆಂದೇನಲ್ಲ. ಗೂಗಲ್ ಹುಡುಕಾಟದ ವಿಚಾರಣೆಯಲ್ಲಿ, ತನ್ನನ್ನೇ ಮೊದಲ ಆಯ್ಕೆಯಾಗಿಡಲು ಅದು 2021ರಲ್ಲಿ ಫೋನ್ ಮತ್ತು ಬ್ರೌಸರ್ ಕಂಪನಿಗಳಿಗೆ 2,630 ಕೋಟಿ ಡಾಲರ್ ಕೊಟ್ಟಿತ್ತೆಂಬುದು ಹೊರಬಂತು. ಆ್ಯಪಲ್ ಜೊತೆಗಿನ ಒಪ್ಪಂದದ ಶೇಕಡಾವಾರನ್ನು ಮಾತ್ರ ಎರಡೂ ಕಂಪನಿಗಳು ಜೋಪಾನವಾಗಿ ಮುಚ್ಚಿಟ್ಟಿದ್ದವು. 2023ರ ನವೆಂಬರ್ 13ರಂದು ಗೂಗಲ್ ತಾನೇ ಕರೆಸಿದ ತಜ್ಞ, ಷಿಕಾಗೋ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞ ಕೆವಿನ್ ಮರ್ಫಿ, ತೆರೆದ ಕೋರ್ಟಿನಲ್ಲಿ ಮಾತಿನ ಭರದಲ್ಲಿ ಅದನ್ನು ಹೇಳಿಬಿಟ್ಟರು: ಆ್ಯಪಲ್‌ನ ಸಫಾರಿ ಬ್ರೌಸರ್‌ನಲ್ಲಿ ನಡೆಯುವ ಹುಡುಕಾಟದ ಆದಾಯದಲ್ಲಿ ಆ್ಯಪಲ್‌ಗೆ ಶೇಕಡ 36. ಗೂಗಲ್‌ನ ವಕೀಲರ ಮುಖ ಕಿವುಚಿತು ಎಂದು ಅಲ್ಲಿದ್ದ ವರದಿಗಾರರು ಬರೆದರು. ಮರುದಿನ ಸ್ಯಾನ್ ಫ್ರಾನ್ಸಿಸ್ಕೋದ ಇನ್ನೊಂದು ಕೋರ್ಟಿನಲ್ಲಿ, ಎಪಿಕ್ ಪರ ವಕೀಲರು ಕೇಳಿದಾಗ, ಗೂಗಲ್ ಮುಖ್ಯಸ್ಥ ಸುಂದರ್ ಪಿಚೈ ಆ ಸಂಖ್ಯೆ ಸರಿಯೆಂದು ಒಪ್ಪಿದರು.